ಗುಡ್ಡದ ಮೇಲಿನ ‘ಕ್ರಿಶ್ಚಿಯನ್ ಯೂನಿವರ್ಸಿಟಿ’: ಯಾರಿಗೆ ಹೇಗೆ ಕಾಣ್ತದೆ, ನಾವು ಕೇಳಬೇಕಾದ್ದು ಏನು?

ಪಿಯುಸಿ ರಿಸಲ್ಟ್ ಬಂದ ಮೇಲೆ ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಕಡೆಯ ಮನೆಗಳಲ್ಲಿ ಒಂದು ಚರ್ಚೆ ಇದ್ದದ್ದೇ. ಮಕ್ಕಳನ್ನು ಡಿಗ್ರಿಗೆ ಮಂಗಳೂರಿಗೆ ಕಳಿಸುವುದಾ, ಇಲ್ಲ ಹತ್ತಿರದ ಕಾಲೇಜಿಗೇ ಹಾಕುವುದಾ? ಮಂಗಳೂರು ಅಂದ ಕೂಡಲೇ ಬಾಯಿಗೆ ಬರುವ ನಾಲ್ಕೈದು ಹೆಸರುಗಳಲ್ಲಿ ಸಂತ ಅಲೋಶಿಯಸ್ ಒಂದು. ಮೊದಲು ಅದು ‘ಅಲೋಶಿಯಸ್ ಕಾಲೇಜ್’. 2024ರ ಜನವರಿಯಿಂದ ಡೀಮ್ಡ್ ವಿಶ್ವವಿದ್ಯಾನಿಲಯ. ಹೆಸರಿನ ಬೋರ್ಡ್ ಬದಲಾಯಿತು. ಜೊತೆಗೆ ಜನರ ಮಾತೂ ಬದಲಾಯಿತು.

ಒಬ್ಬರು ‘ಯೂನಿವರ್ಸಿಟಿ ಆಯ್ತಲ್ಲ, ಒಳ್ಳೆದಾಯ್ತು’ ಅಂತಾರೆ. ಇನ್ನೊಬ್ಬರು ‘ಇನ್ನು ಫೀಸ್ ಏರ್ತದೆ ನೋಡಿ ಮಾರಾಯ್ರೇ’ ಅಂತಾರೆ. ಮತ್ತೊಬ್ಬರಿಗೆ ಅದು ‘ಕ್ರಿಶ್ಚಿಯನ್ ಯೂನಿವರ್ಸಿಟಿ’. ಒಂದೇ ಸಂಸ್ಥೆ, ನೋಡುವ ಕಣ್ಣು ಬೇರೆ ಬೇರೆ. ಯಾವ ಕಣ್ಣಿಗೆ ಏನು ಕಾಣ್ತದೆ, ಅದರಲ್ಲಿ ಎಷ್ಟು ನಿಜ, ತಾಲೂಕಿನ ನಮಗೆ ಇದರಲ್ಲಿ ಮುಖ್ಯ ಯಾವುದು ಎಂದು ನೋಡುವ ಪ್ರಯತ್ನ ಇದು.

ಮೊದಲು ಸಂಸ್ಥೆ ಯಾರದ್ದು ಅಂತ ತಿಳಿಯುವ

ಸಂತ ಅಲೋಶಿಯಸ್ ಶುರುವಾದದ್ದು 1880ರಲ್ಲಿ. ಕಟ್ಟಿದವರು ಜೆಸ್ವಿಟ್ ಪಾದ್ರಿಗಳು, ಅಂದರೆ ಯೇಸು ಸಭೆಯವರು. ಅದಕ್ಕೆ ಎರಡು ವರ್ಷ ಮೊದಲಷ್ಟೇ ಅವರು ಮಂಗಳೂರಿಗೆ ಬಂದಿದ್ದರು. ಕೊಡಿಯಾಲ್‌ಬೈಲಿನಲ್ಲಿ ಶುರುವಾದ ಕಾಲೇಜು ಕೆಲವೇ ವರ್ಷದಲ್ಲಿ ಈಗಿನ ಲೈಟ್‌ಹೌಸ್ ಹಿಲ್‌ಗೆ ಹೋಯಿತು. ಅಲ್ಲಿನ ಚಾಪೆಲ್ ಗೋಡೆ, ಸೂರಿನ ಮೇಲೆ ಇಟಲಿಯ ಜೆಸ್ವಿಟ್ ಸಹೋದರ ಆಂಟೊನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲು ಇವತ್ತಿಗೂ ಪ್ರವಾಸಿಗರು ಬರ್ತಾರೆ.

ನಮ್ಮ ಕಡೆ ಹಲವರು ಎಲ್ಲ ಕ್ರೈಸ್ತ ಸಂಸ್ಥೆಗಳನ್ನೂ ಒಂದೇ ಅಂದುಕೊಂಡಿದ್ದಾರೆ. ಅದು ಹಾಗಲ್ಲ. ‘ಮಂಗಳೂರ ಸಮಾಚಾರ’ ಪತ್ರಿಕೆ, ಹಂಚಿನ ಕಾರ್ಖಾನೆ, ಕಿಟ್ಟೆಲ್ ನಿಘಂಟು ಇವೆಲ್ಲ ಬಾಸೆಲ್ ಮಿಶನ್ ಕಡೆಯ ಕೆಲಸ. ಅವರು ಪ್ರೊಟೆಸ್ಟೆಂಟರು. ಜೆಸ್ವಿಟರು ಕ್ಯಾಥೊಲಿಕರು. ಕ್ಯಾಥೊಲಿಕರಲ್ಲೇ ಮತ್ತೆ ಬಿಷಪರ ಧರ್ಮಪ್ರಾಂತ್ಯದ ಶಾಲಾ ಕಾಲೇಜು ಬೇರೆ, ಜೆಸ್ವಿಟರದ್ದು ಬೇರೆ, ಸಿಸ್ಟರ್‌ಗಳ ಸಂಸ್ಥೆ ಬೇರೆ. ‘ಚರ್ಚಿನವರ ಕಾಲೇಜ್’ ಅಂತ ಒಂದೇ ಮಾತಲ್ಲಿ ಹೇಳುವಾಗ ಆಡಳಿತ ಯಾರದ್ದು, ಲೆಕ್ಕ ಕೊಡಬೇಕಾದವರು ಯಾರು ಎಂಬುದೇ ಮರೆತುಹೋಗ್ತದೆ. ದೂರು ಹೇಳುವುದಿದ್ದರೂ ಯಾರಿಗೆ ಹೇಳಬೇಕು ಅಂತ ಗೊತ್ತಾಗುವುದಿಲ್ಲ.

2024ರಲ್ಲಿ ಬದಲಾದದ್ದು ಏನು?

ಧರ್ಮದ ವಿಷಯದಲ್ಲಿ ಏನೂ ಬದಲಾಗಿಲ್ಲ. 1880ರಲ್ಲಿ ಜೆಸ್ವಿಟರು ನಡೆಸುತ್ತಿದ್ದರು, ಈಗಲೂ ಅವರೇ. ಬದಲಾದದ್ದು ಅಧಿಕಾರ ಯಾರ ಕೈಯಲ್ಲಿ ಎಂಬುದು.

ಈ ಕಾಲೇಜು ಮೊದಲು ಮದ್ರಾಸ್ ವಿವಿ ಅಡಿ ಇತ್ತು, ರಾಜ್ಯ ಒಂದಾದ ಮೇಲೆ ಮೈಸೂರು ವಿವಿ, 1980ರಿಂದ ಮಂಗಳೂರು ವಿವಿ. 2007ರಲ್ಲಿ ಸ್ವಾಯತ್ತ ಆಯಿತು. ಆಗ ಸಿಲೆಬಸ್ ಮತ್ತು ಪರೀಕ್ಷೆ ಕಾಲೇಜಿನ ಕೈಗೆ ಬಂತು, ಆದರೆ ಡಿಗ್ರಿ ಸರ್ಟಿಫಿಕೇಟ್ ಮಂಗಳೂರು ವಿವಿಯದ್ದೇ. ಈಗ ಡಿಗ್ರಿಯೂ ತನ್ನದೇ ಹೆಸರಲ್ಲಿ. 1956ರ ಯುಜಿಸಿ ಕಾಯ್ದೆಯ ಸೆಕ್ಷನ್ 3ರ ಅಡಿ, ಯುಜಿಸಿ ಶಿಫಾರಸಿನ ಮೇಲೆ ಕೇಂದ್ರ ಸರ್ಕಾರ ಕೊಡುವ ಮಾನ್ಯತೆ ಇದು. ವಿಧಾನಸಭೆ ಕಾಯ್ದೆ ಮಾಡಿ ಹುಟ್ಟಿಸುವ ಖಾಸಗಿ ವಿವಿಗೂ ಇದಕ್ಕೂ ವ್ಯತ್ಯಾಸ ಉಂಟು.

ಬೆಂಗಳೂರಿನ ಉದಾಹರಣೆ ನೋಡಿದರೆ ಅರ್ಥ ಆಗ್ತದೆ. ಕ್ರೈಸ್ಟ್ ಕಾಲೇಜು 1969ರಲ್ಲಿ ಶುರುವಾಗಿ 2008ರಲ್ಲಿ ಡೀಮ್ಡ್ ಆಯಿತು. ಸೇಂಟ್ ಜೋಸೆಫ್ಸ್ 1882ರಷ್ಟು ಹಳೆಯ ಸಂಸ್ಥೆ. ಅದು ರಾಜ್ಯದ ಕಾಯ್ದೆಯ ಮೂಲಕ ವಿವಿಯಾಗಿ 2022ರಲ್ಲಿ ಉದ್ಘಾಟನೆಯಾಯಿತು. ಅಲೋಶಿಯಸ್ ಹಿಡಿದದ್ದು ಡೀಮ್ಡ್ ದಾರಿ. ಮೂರೂ ಕ್ಯಾಥೊಲಿಕ್ ಸಂಸ್ಥೆಗಳೇ, ಆದರೆ ದಾರಿ ಒಂದೇ ಅಲ್ಲ. ಬೋರ್ಡಿನಲ್ಲಿ ಸಂತರ ಹೆಸರು ಕಂಡ ಮಾತ್ರಕ್ಕೆ ನಿಯಮ ಎಲ್ಲ ಕಡೆ ಒಂದೇ ಅಂದುಕೊಳ್ಳಬಾರದು.

ತಾಲೂಕಿನ ಅಪ್ಪ ಅಮ್ಮಂದಿರ ಲೆಕ್ಕ

ಹೆತ್ತವರ ಲೆಕ್ಕದಲ್ಲಿ ಧರ್ಮ ಬರುವುದು ಕೊನೆಗೆ. ಮೊದಲು ಬಸ್ಸು. ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿ.ಮೀ., ದಿನಾ ಹೋಗಿ ಬರಬಹುದು. ಪುತ್ತೂರಿನಿಂದ ಹೆಚ್ಚುಕಡಿಮೆ ಅದರ ಎರಡರಷ್ಟು. ಸುಳ್ಯದವರು ದಿನಾ ಹೋಗಿ ಬರುವುದು ಕಷ್ಟವೇ, ಹಾಸ್ಟೆಲೋ ಪಿಜಿಯೋ ಆಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ. ಆದರೆ ಮಂಗಳೂರು ಸಿಟಿಯೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಅಲ್ಲಿ ಶಕ್ತಿ ಇಲ್ಲ. ಜ್ಯೋತಿಯಲ್ಲೋ ಹಂಪನಕಟ್ಟೆಯಲ್ಲೋ ಇಳಿದು ಗುಡ್ಡ ಹತ್ತಬೇಕು. ಇದೆಲ್ಲ ಸೇರಿಸಿ ತಿಂಗಳಿಗೆ ಎಷ್ಟಾಗ್ತದೆ ಎಂಬುದೇ ಮನೆಯ ಮೊದಲ ಪ್ರಶ್ನೆ.

ಎರಡನೆಯದು ಶಿಸ್ತು. ‘ಫಾದರ್‌ಗಳ ಕಾಲೇಜ್, ಅಟೆಂಡೆನ್ಸ್ ಸ್ಟ್ರಿಕ್ಟ್’ ಎಂಬ ಹೆಸರು ಇಂಥ ಸಂಸ್ಥೆಗಳಿಗೆ ಮೊದಲಿನಿಂದಲೂ ಉಂಟು. ತಾಲೂಕಿನ ಹೆತ್ತವರಿಗೆ ಅದು ದೊಡ್ಡ ಧೈರ್ಯ. ಅದೇ ಮಾತನ್ನು ಮಕ್ಕಳು ಹೇಳುವಾಗ ಸ್ವರ ಬೇರೆ ಇರ್ತದೆ! ಮೂರನೆಯದು ಇಂಗ್ಲಿಷ್. ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು ಅಲ್ಲಿ ಹೊಂದಿಕೊಳ್ತಾರಾ, ಸಿಟಿಯ ಮಕ್ಕಳ ನಡುವೆ ಹಿಂದೆ ಬೀಳ್ತಾರಾ ಎಂಬ ಹೆದರಿಕೆ. ಸಾಮಾನ್ಯವಾಗಿ ಹೊರಗೆ ಹೇಳಿಕೊಳ್ಳದ ಭಯ ಇದು. ಧರ್ಮಕ್ಕಿಂತ ದೊಡ್ಡ ಗೋಡೆ ಇದೇ ಅಂದರೂ ತಪ್ಪಿಲ್ಲ.

ನಾಲ್ಕನೆಯದು ಫೀಸು ಮತ್ತು ಸ್ಕಾಲರ್‌ಶಿಪ್. ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ಮನೆಗಳು ನಮ್ಮ ಬಂಟ್ವಾಳ, ಬೆಳ್ತಂಗಡಿಯಲ್ಲಿ ಬೇಕಾದಷ್ಟಿವೆ. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನ, ರೈತ ವಿದ್ಯಾನಿಧಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನಂಬಿ ಅಡ್ಮಿಶನ್ ಮಾಡುವವರು ಸಂಸ್ಥೆ ಯಾವ ಗುಂಪಿಗೆ ಸೇರಿದೆ ಎಂದು ಮೊದಲೇ ನೋಡಬೇಕು. ಸರ್ಕಾರಿ, ಅನುದಾನಿತ, ಡೀಮ್ಡ್ ಎಂಬ ಪದ ಬರೀ ಬೋರ್ಡಿಗಲ್ಲ, ನಿಮ್ಮ ಅರ್ಜಿಯ ಕಾಲಂಗೂ ಸಂಬಂಧಪಟ್ಟದ್ದು.

ಅಂಗಡಿಯವರ ಕಣ್ಣು

ಹಂಪನಕಟ್ಟೆ, ಜ್ಯೋತಿ ಸುತ್ತಿನ ಝೆರಾಕ್ಸ್, ಜ್ಯೂಸ್ ಸೆಂಟರ್, ಹೋಟೆಲ್, ಪಿಜಿಯವರಿಗೆ ವಿವಿ ಅಂದರೆ ಗಿರಾಕಿ. ವಿದ್ಯಾರ್ಥಿಗಳು ಹೆಚ್ಚಾದರೆ ವ್ಯಾಪಾರ, ರಜೆ ಬಂದರೆ ಖಾಲಿ. ಯಾವ ಧರ್ಮದ ಸಂಸ್ಥೆ ಎಂಬುದು ಅಲ್ಲಿನ ಗಲ್ಲಾಪೆಟ್ಟಿಗೆಗೆ ಗೊತ್ತಾಗುವುದಿಲ್ಲ.

ತಾಲೂಕಿನ ಅಂಗಡಿಯವರ ಲೆಕ್ಕ ತಿರುಗುಮುರುಗು. ನಮ್ಮ ಪೇಟೆಯ ಮಕ್ಕಳು ಬೆಳಿಗ್ಗೆ ಏಳಕ್ಕೆ ಬಸ್ ಹತ್ತಿದರೆ ಪುಸ್ತಕ, ಬಟ್ಟೆ, ಮೊಬೈಲ್ ರಿಪೇರಿ, ತಿಂಡಿ ಎಲ್ಲ ಅಲ್ಲೇ. ಇಲ್ಲಿನ ಕಾಲೇಜಿನ ಎದುರಿನ ಅಂಗಡಿಗೆ ಅಷ್ಟು ಕಡಿಮೆ. ಮಂಗಳೂರಿನ ಒಂದು ಕಾಲೇಜು ದೊಡ್ಡದಾದರೆ ಅದರ ಬಿಸಿ ಇಲ್ಲಿಗೂ ತಟ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಇದರ ಜೊತೆ ಇನ್ನೊಂದು ವಿಷಯ ಉಂಟು. ಕಾಲೇಜುಗಳು ಕಟ್ಟುವ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ ವಿವಿಯ ಆದಾಯ. ದೊಡ್ಡ ಕಾಲೇಜೊಂದು ಹೊರಗೆ ಹೋದರೆ ಮಂಗಳೂರು ವಿವಿಗೆ ಅಷ್ಟು ನಷ್ಟ. ಆ ವಿವಿ ಅಡಿಯಲ್ಲೇ ಇರುವುದು ನಮ್ಮ ತಾಲೂಕುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. 2023ರಲ್ಲಿ ಕೊಡಗು ವಿವಿ ಬೇರೆಯಾದಾಗಲೂ ವ್ಯಾಪ್ತಿ ಕಿರಿದಾಯಿತು. ಹಾಗಾಗಿ ‘ಒಂದು ಖಾಸಗಿ ವಿವಿ ಬಂತು, ನಮಗೇನು’ ಎಂದು ಸುಮ್ಮನಿರುವ ಹಾಗಿಲ್ಲ. ಮಂಗಳೂರಿಗೆ ಕಳಿಸಲು ಆಗದ ಮನೆಯ ಮಕ್ಕಳು ಓದುವುದು ಈ ಸರ್ಕಾರಿ ಕಾಲೇಜುಗಳಲ್ಲೇ. ಅವಕ್ಕೆ ಅಧ್ಯಾಪಕರು, ಲ್ಯಾಬು, ಸಮಯಕ್ಕೆ ರಿಸಲ್ಟು ಸಿಗಬೇಕು ಎಂದು ಒತ್ತಾಯ ಮಾಡುವುದು ನಮ್ಮ ಕೆಲಸ.

‘ನಮ್ಮದೇ ಕಾಲೇಜ್’ ಎನ್ನುವವರು

ಊರಿನ ಕ್ಯಾಥೊಲಿಕರಿಗೆ ಈ ವಿವಿ ಹೆಮ್ಮೆ. ಅಜ್ಜ ಓದಿದ್ದು, ಅಪ್ಪ ಓದಿದ್ದು ಎಂಬ ಮನೆಗಳುಂಟು. ಜೊತೆಗೆ ಒಂದು ಅಸಮಾಧಾನವೂ ಉಂಟು: ನಮ್ಮದೇ ಸಂಸ್ಥೆ ಅಂತ ಹೇಳುವುದು ಹೌದು, ನಮ್ಮ ಬಡ ಮನೆಯ ಮಕ್ಕಳಿಗೆ ಅಲ್ಲಿ ಜಾಗ ಎಷ್ಟು? ದೂರದ ವಾಳೆಯಿಂದ ಬರುವ, ಕೊಂಕಣಿ ಮನೆಮಾತಿನ ಹುಡುಗನಿಗೂ ಗುಡ್ಡದ ಮೇಲಿನ ಇಂಗ್ಲಿಷ್ ವಾತಾವರಣ ಹೊಸದೇ. ಅಂದರೆ ಹೊರಗಿನವರು ‘ಅವರದ್ದು’ ಅನ್ನುವ ಸಂಸ್ಥೆಯನ್ನು ಒಳಗಿನವರೆಲ್ಲ ‘ನಮ್ಮದು’ ಅಂತ ಪೂರ್ತಿ ನಂಬಿದ್ದಾರೆ ಅಂತಲೂ ಅಲ್ಲ.

2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದಲ್ಲಿ ಕ್ರೈಸ್ತರು ಶೇ. 8ರಷ್ಟು. ಮುಸ್ಲಿಮರು ಶೇ. 24, ಹಿಂದೂಗಳು ಶೇ. 67. ಇಷ್ಟು ಸಣ್ಣ ಸಮುದಾಯದವರು ಇಷ್ಟು ದೊಡ್ಡ ಸಂಸ್ಥೆ ನಡೆಸುವಾಗ ತರಗತಿಯಲ್ಲಿ ಕೂರುವವರು ಎಲ್ಲ ಸಮುದಾಯದವರೂ ಆಗಿರಲೇಬೇಕು, ಬೇರೆ ದಾರಿಯೇ ಇಲ್ಲ. ವಿವಿಯದ್ದೇ ಸಮುದಾಯ ಬಾನುಲಿ ‘ಸಾರಂಗ್ 107.8’ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಭಾಷೆ ಕೇಳ್ತದಲ್ಲ, ಊರು ಇರುವುದೂ ಹಾಗೆಯೇ.

ಸಂಶಯದಿಂದ ನೋಡುವವರು

ಇದನ್ನು ಬಿಟ್ಟು ಬರೆದರೆ ಲೇಖನ ಅರ್ಧ. ಜಿಲ್ಲೆಯಲ್ಲಿ ಒಂದು ವರ್ಗ ಕ್ರೈಸ್ತ ಸಂಸ್ಥೆಗಳನ್ನು ಸಂಶಯದಿಂದಲೇ ನೋಡ್ತದೆ. 2021ರಲ್ಲಿ ಕೋಟೆಕಾರ್ ಬೀರಿ ಕ್ಯಾಂಪಸ್ಸಿನ ಪಾರ್ಕಿಗೆ ಸ್ಟ್ಯಾನ್ ಸ್ವಾಮಿ ಹೆಸರಿಡಲು ಸಂಸ್ಥೆ ಹೊರಟಾಗ ಹಿಂದೂ ಸಂಘಟನೆಗಳು ವಿರೋಧಿಸಿದವು. ಆ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಸ್ಟ್ಯಾನ್ ಸ್ವಾಮಿ ಜೆಸ್ವಿಟ್ ಪಾದ್ರಿ. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿಯಾಗಿ ನ್ಯಾಯಾಂಗ ಬಂಧನದಲ್ಲಿದ್ದಾಗಲೇ 2021ರ ಜುಲೈಯಲ್ಲಿ ತೀರಿಕೊಂಡರು. ಜೆಸ್ವಿಟರಿಗೆ ಅವರು ಆದಿವಾಸಿಗಳಿಗಾಗಿ ದುಡಿದ ತಮ್ಮವರು. ವಿರೋಧಿಸಿದವರಿಗೆ ಗಂಭೀರ ಪ್ರಕರಣದ ಆರೋಪಿ. ಒಂದೇ ಹೆಸರು, ಎರಡು ಅರ್ಥ.

2017ರ ರಸ್ತೆ ಗಲಾಟೆ ನೆನಪಿರಬಹುದು. ಲೈಟ್‌ಹೌಸ್ ಹಿಲ್ ರಸ್ತೆಗೆ ವಿಜಯ ಬ್ಯಾಂಕಿನ ಮೂಲ್ಕಿ ಸುಂದರರಾಮ ಶೆಟ್ಟರ ಹೆಸರಿಡಬೇಕು ಎಂದು ಒಂದು ಕಡೆ, ಅದು ಸಂತ ಅಲೋಶಿಯಸ್ ಕಾಲೇಜು ರಸ್ತೆ ಎಂದು ಇನ್ನೊಂದು ಕಡೆ. ಆಗ ಸರ್ಕಾರವೇ ನಾಮಕರಣಕ್ಕೆ ತಡೆ ಹಾಕಬೇಕಾಯಿತು. ಯೋಚನೆ ಮಾಡಿದರೆ, ಆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಬದುಕು ಕಂಡ ಮನೆಗಳೂ ಈ ಜಿಲ್ಲೆಯವೇ, ಆ ಕಾಲೇಜಿನಲ್ಲಿ ಓದಿದ ಮನೆಗಳೂ ಇಲ್ಲಿಯವೇ. ಎರಡೂ ಒಂದೇ ಮನೆಯಲ್ಲಿ ಆದದ್ದೂ ಉಂಟು. ಹೆಸರಿನ ಜಗಳ ಮಾತ್ರ ಸಮುದಾಯದ ಜಗಳದಂತೆ ಕಂಡಿತು.

ಸಂಶಯ ಪಡುವವರ ಮುಖ್ಯ ಪ್ರಶ್ನೆ: ನಮ್ಮ ಮಕ್ಕಳಿಗೆ ಅಲ್ಲಿ ಧರ್ಮ ಹೇಳಿಕೊಡ್ತಾರಾ? ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ, ಉತ್ತರ ಸಂವಿಧಾನದಲ್ಲೇ ಉಂಟು. 28(3)ನೇ ವಿಧಿ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಬೇಕು. ಇದು ಕ್ರೈಸ್ತ ಸಂಸ್ಥೆಗೂ ಅನ್ವಯ, ಹಿಂದೂ, ಮುಸ್ಲಿಂ ಆಡಳಿತದ ಸಂಸ್ಥೆಗೂ ಅನ್ವಯ.

ಹಾಗೆಯೇ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿಗೆ ಮಿತಿ ಎಲ್ಲಿ ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ವಿಸ್ತಾರವಾಗಿ ಹೇಳಿದ ಕೇಸಿನ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ಸರ್ಕಾರ. ನಮ್ಮ ಪಕ್ಕದ ಮಣಿಪಾಲದಿಂದಲೇ ಹೋದ ಕೇಸು ಅದು! ಆಡಳಿತ ನಡೆಸುವ ಹಕ್ಕು ಅಂದರೆ ಆಡಳಿತ ಕೆಡಿಸುವ ಹಕ್ಕಲ್ಲ, ಗುಣಮಟ್ಟದ ನಿಯಮಗಳಿಗೆ ಅಲ್ಪಸಂಖ್ಯಾತ ಸಂಸ್ಥೆಗಳೂ ಬದ್ಧ ಎಂಬುದು ಕೋರ್ಟುಗಳ ನಿಲುವು. ಹೀಗಾಗಿ ಸಂಸ್ಥೆಯವರೂ ಪ್ರತಿ ಪ್ರಶ್ನೆಗೆ ‘ನಾವು ಅಲ್ಪಸಂಖ್ಯಾತರು’ ಎಂದು ಉತ್ತರಿಸಿ ಸುಮ್ಮನಾಗುವಂತಿಲ್ಲ. ಫೀಸು, ನೇಮಕಾತಿ, ಫಲಿತಾಂಶದ ಬಗ್ಗೆ ಕೇಳಿದರೆ ಲೆಕ್ಕ ಕೊಡಬೇಕು.

ಹತ್ತಿರದ್ದು ಕಾಲೇಜು, ದೂರದ್ದು ಧರ್ಮ?

ಇಲ್ಲಿ ಒಂದು ವಿಚಿತ್ರ ಗಮನಿಸಿ. ಪುತ್ತೂರಿನಲ್ಲಿ 1958ರಿಂದ ಸಂತ ಫಿಲೋಮಿನಾ ಕಾಲೇಜು ಇದೆ. ಅದೂ ಕ್ಯಾಥೊಲಿಕರದ್ದೇ. ಪುತ್ತೂರಿನವರು ಅದರ ಬಗ್ಗೆ ಮಾತಾಡುವಾಗ ‘ಕ್ರಿಶ್ಚಿಯನ್ ಕಾಲೇಜು’ ಅಂತ ಶುರು ಮಾಡುವುದಿಲ್ಲ. ‘ನಮ್ಮ ಫಿಲೋಮಿನಾ’ ಅಂತಾರೆ. ಯಾಕೆಂದರೆ ಅಲ್ಲಿನ ಮೇಷ್ಟ್ರು ಗೊತ್ತು, ಓದಿದವರು ಪಕ್ಕದ ಮನೆಯಲ್ಲಿದ್ದಾರೆ. ಹತ್ತಿರದ ಸಂಸ್ಥೆಯನ್ನು ಮನುಷ್ಯರಿಂದ ಅಳೀತೇವೆ, ದೂರದ್ದನ್ನು ಹೆಸರಿನಿಂದ.

ಮಂಗಳೂರು ಸುತ್ತಲಿನ ಡೀಮ್ಡ್ ವಿವಿಗಳನ್ನೇ ನೋಡಿ. ದೇರಳಕಟ್ಟೆಯ ನಿಟ್ಟೆ, ಯೆನೆಪೋಯ ಎರಡೂ 2008ರಲ್ಲಿ ಡೀಮ್ಡ್ ಆದವು. ಈಗ ಅಲೋಶಿಯಸ್. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಸಮುದಾಯದವರು ಕಟ್ಟಿದ ಮೂರು ವಿವಿ, ಯುಜಿಸಿಯ ಡೀಮ್ಡ್ ನಿಯಮ ಮೂರಕ್ಕೂ ಒಂದೇ. ಆದರೆ ಧರ್ಮದ ಚೀಟಿ ಅಂಟಿಸಿ ಮಾತಾಡುವುದು ಕೆಲವಕ್ಕೆ ಮಾತ್ರ. ಆಸ್ಪತ್ರೆಗೆ ಹೋಗುವಾಗ ಹಾಗಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ತಾಲೂಕಿನಿಂದ ರಾತ್ರೋರಾತ್ರಿ ಆಂಬ್ಯುಲೆನ್ಸ್ ಓಡುವಾಗ ಯಾರೂ ಅದು ಯಾರದ್ದು ಅಂತ ಕೇಳುವುದಿಲ್ಲ. ಬೆಡ್ ಉಂಟಾ ಅಂತ ಕೇಳ್ತಾರೆ. ವಿವಿಯ ವಿಷಯದಲ್ಲೂ ಕೇಳಬೇಕಾದ್ದು ಅಂಥದೇ ನೇರ ಪ್ರಶ್ನೆ.

ಹಾಗಾದರೆ ಕೇಳುವುದು ಏನು?

ಮಗಳನ್ನೋ ಮಗನನ್ನೋ ಸೇರಿಸಲು ಹೋಗುವವರು, ಇದಾಗಲಿ ಬೇರೆ ಯಾವ ಡೀಮ್ಡ್ ವಿವಿಯಾಗಲಿ, ಇಷ್ಟು ಕೇಳಿಯೇ ದುಡ್ಡು ಕಟ್ಟಿ:

ಒಂದು, ಮೂರೂ ವರ್ಷದ ಫೀಸು ಎಷ್ಟು, ಪ್ರತಿ ವರ್ಷ ಎಷ್ಟು ಏರಿಸ್ತೀರಿ ಎಂದು ಬರಹದಲ್ಲಿ ಕೇಳಿ. ಮೊದಲ ವರ್ಷದ ಮೊತ್ತ ಮಾತ್ರ ನೋಡಿ ಹೊರಡಬೇಡಿ.

ಎರಡು, ಕೋರ್ಸು ಎಷ್ಟು ವರ್ಷದ್ದು? ರಾಜ್ಯ ಸರ್ಕಾರ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಡೀಮ್ಡ್ ವಿವಿಗೆ ತನ್ನದೇ ಸಿಲೆಬಸ್ ಮಾಡುವ ಅಧಿಕಾರ ಉಂಟು. ಎರಡನ್ನೂ ಹೋಲಿಸಿ ನೋಡಿ.

ಮೂರು, ನಿಮ್ಮ ಮಗುವಿಗೆ ಬರಬೇಕಾದ ವಿದ್ಯಾರ್ಥಿವೇತನ ಆ ಕೋರ್ಸಿಗೆ ಬರ್ತದಾ? ಕಾಲೇಜಿನಲ್ಲಿ ಮಾತ್ರ ಅಲ್ಲ, ತಾಲೂಕಿನ ಸಂಬಂಧಪಟ್ಟ ಇಲಾಖೆಯಲ್ಲೂ ವಿಚಾರಿಸಿ.

ನಾಲ್ಕು, ಬೇರೆ ಕಡೆ ಸೀಟು ಸಿಕ್ಕಿ ಬಿಡಬೇಕಾದರೆ ಫೀಸು ವಾಪಸ್ ಎಷ್ಟು? ಇದಕ್ಕೆ ಯುಜಿಸಿ ನಿಯಮ ಉಂಟು. ಮೂಲ ಅಂಕಪಟ್ಟಿ ಇಟ್ಟುಕೊಂಡು ಕೊಡುವುದಿಲ್ಲ ಎನ್ನುವ ಹಾಗಿಲ್ಲ ಎಂದೂ ಯುಜಿಸಿ ಹೇಳಿದೆ.

ಐದು, ಕನ್ನಡ ಮೀಡಿಯಂನಿಂದ ಬಂದವರಿಗೆ ಬೇರೆ ತರಗತಿ, ಸಹಾಯ ಏನಾದರೂ ಉಂಟಾ? ಹಳ್ಳಿಯ ಮಕ್ಕಳಿಗೆ ಇದು ಉಳಿದೆಲ್ಲದಕ್ಕಿಂತ ಮುಖ್ಯ.

ಗಲ್ಫಿಗೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಡೀಮ್ಡ್ ವಿವಿಯ ಡಿಗ್ರಿ ಯುಜಿಸಿ ಕಾಯ್ದೆ ಪ್ರಕಾರ ಮಾನ್ಯವೇ. ‘ಡೀಮ್ಡ್ ಅಂದರೆ ಅರ್ಧ ಯೂನಿವರ್ಸಿಟಿ’ ಎಂಬ ಮಾತು ಕೇಳಿ ಹೆದರಬೇಕಾಗಿಲ್ಲ. ಹಳೆ ವಿದ್ಯಾರ್ಥಿಗಳ ಸರ್ಟಿಫಿಕೇಟಿನಲ್ಲಿ ಮಂಗಳೂರು ವಿವಿ ಅಂತ ಇರ್ತದೆ, ಅದೂ ಸರಿಯೇ. ಇಬ್ಬರ ಸರ್ಟಿಫಿಕೇಟಿನಲ್ಲಿ ಹೆಸರು ಬೇರೆ ಬೇರೆ ಇದ್ದರೆ ಗಾಬರಿ ಬೇಡ.

ಸಂಸ್ಥೆ ನಡೆಸುವವರಿಗೂ ಒಂದು ಮಾತು ಹೇಳಬೇಕು. ಊರಿನ ಸಂಶಯಕ್ಕೆ ಮದ್ದು ಸೌಹಾರ್ದ ಸಮಾರಂಭ ಮಾತ್ರ ಅಲ್ಲ. ಫೀಸಿನ ಪಟ್ಟಿ ಕನ್ನಡದಲ್ಲೂ ಸಿಗಬೇಕು, ತಾಲೂಕಿನ ಎಷ್ಟು ಮಕ್ಕಳಿಗೆ ರಿಯಾಯಿತಿ ಕೊಟ್ಟಿದ್ದೇವೆ ಎಂದು ವರ್ಷಕ್ಕೊಮ್ಮೆ ಹೇಳಬೇಕು. ಸುಳ್ಯದಲ್ಲೋ ಬೆಳ್ತಂಗಡಿಯಲ್ಲೋ ಒಂದು ದಿನ ಬಂದು ಕೂತು ಹೆತ್ತವರ ಪ್ರಶ್ನೆಗೆ ಉತ್ತರಿಸಿದರೆ ಇನ್ನೂ ಒಳ್ಳೆಯದು. 140 ವರ್ಷಕ್ಕೂ ಹಳೆಯ ಸಂಸ್ಥೆಗೆ ಅದು ದೊಡ್ಡ ಕೆಲಸ ಅಲ್ಲ.

ನಮ್ಮ ಕಡೆಯಿಂದ ಆಗಬೇಕಾದ್ದೂ ಉಂಟು. ಈ ವರ್ಷ ಯಾರ ಮನೆಯಲ್ಲಾದರೂ ಅಡ್ಮಿಶನ್ ಮಾತು ಬಂದಾಗ, ‘ಅದು ಯಾರ ಕಾಲೇಜು’ ಅನ್ನುವ ಮೊದಲು ‘ಮೂರು ವರ್ಷಕ್ಕೆ ಒಟ್ಟು ಎಷ್ಟಾಗ್ತದೆ, ಮುಗಿಸಿದ ಮೇಲೆ ಏನು ಸಿಗ್ತದೆ’ ಎಂದು ಕೇಳುವ. ಆಗ ಗುಡ್ಡದ ಮೇಲಿನ ವಿವಿಯ ಗುಣವೂ ಗೊತ್ತಾಗ್ತದೆ, ನಮ್ಮ ಪೇಟೆಯ ಸರ್ಕಾರಿ ಕಾಲೇಜಿಗೆ ಏನು ಕಡಿಮೆ ಬಿದ್ದಿದೆ ಎಂಬುದೂ ಗೊತ್ತಾಗ್ತದೆ.